ಡಬ್ಬದೊಳಗಣ ನಗೆ

ಹಳೆಯ ಹಾಸ್ಯಚಿತ್ರವೆಂದೊಡನೆ ಚಾಪ್ಲಿನ್ನರ ಟೋಪಿ, ಬೆತ್ತಗಳೇ ನಮ್ಮ ಕಣ್ಣಮುಂದೆ ಬರುತ್ತವೆ. ಆದರೆ ಮೂಕಿಚಿತ್ರಗಳ ಕಾಲದಲ್ಲಿ ಅಮೆರಿಕದಲ್ಲಿ ತಯಾರಾದ ಅಸಂಖ್ಯ ಕಿರುಹಾಸ್ಯಚಿತ್ರಗಳಲ್ಲಿ ಹೆಸರು ಉಳಿಸಿಕೊಂಡವು ಕೆಲವೇ. ಮಿಕ್ಕವನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಅಲ್ಲಿದ್ದಾರೆ. ಯಾರೂ ಕೇಳದ ಚಿತ್ರಗಳಲ್ಲಿ ಇವರಿಗೇನು ಸ್ವಾರಸ್ಯವೆಂದು ಮೊದಲು ನಾವೂ ನಕ್ಕದ್ದುಂಟು. ಒಂದು ಚಿತ್ರದ ಕಥೆ ತಿಳಿದ ಮೇಲೆ ಆ ನಗೆ ಅಡಗಿತು.

ಲಾರೆಲ್-ಹಾರ್ಡಿ ಜೋಡಿಯ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ 1927ರ ಕೊನೆಯಲ್ಲಿ ತೆರೆಕಂಡ, ಎರಡು ಸುರುಳಿಗಳ ಚಿತ್ರ. ಮೊದಲನೆಯದರಲ್ಲಿ ಲಾರೆಲ್ಲರ ಮುಷ್ಟಿಯುದ್ಧ. ಎರಡನೆಯದರಲ್ಲಿ ವಿಮೆಯ ಹಣದಾಸೆಯಿಂದ ಹಾರ್ಡಿ, ಗೆಳೆಯನು ಜಾರಿ ಬೀಳಲೆಂದು ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾರೆ. ಬೀಳುವವನು ಗೆಳೆಯನಲ್ಲ, ‘ಪೈ’ ಎಂಬ ಕೆನೆತುಂಬಿದ ತಿನಿಸನ್ನು ಹೊತ್ತು ಬಂದವನು! ಅವನ ಸಿಟ್ಟಿನಿಂದ ಮೊದಲಾದ ಎಸೆದಾಟ ಇಡೀ ಬೀದಿಯನ್ನೇ ಆವರಿಸುತ್ತದೆ.

ಈ ಪೈ ಕಾಳಗವನ್ನು ಪೂರ್ಣವಾಗಿ ನೋಡುವ ಭಾಗ್ಯ ದಶಕಗಳವರೆಗೆ ಜನರಿಗಿರಲಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೇಗನೆ ಬೆಂಕಿ ಹಿಡಿಯುವ, ಇಟ್ಟಲ್ಲೇ ಕೊಳೆತು ಪುಡಿಯಾಗುವ ವಸ್ತು. ಮಾತಿನ ಚಿತ್ರಗಳು ಬಂದ ಬಳಿಕ ಮೂಕಿಗಳನ್ನು ಕಾಪಾಡಬೇಕೆಂದು ಅವುಗಳನ್ನು ತಯಾರಿಸಿದ ಅನೇಕರಿಗೇ ತೋರಲಿಲ್ಲ. 1957ರಲ್ಲಿ ರಾಬರ್ಟ್ ಯಂಗ್‌ಸನ್ ಎಂಬವರು ತಮ್ಮ ಸಂಕಲನಚಿತ್ರವೊಂದರಲ್ಲಿ ಸೇರಿಸಿದ ತುಣುಕಷ್ಟೇ ಗತಿಯಾಗಿತ್ತು. 2015ರಲ್ಲಿ ಜಾನ್ ಮಿರ್ಸಾಲಿಸ್ ಎಂಬ ಸಂಗ್ರಾಹಕರು ಮತ್ತೊಬ್ಬ ಸಂಗ್ರಾಹಕರಿಂದ ಬಂದ ಡಬ್ಬಗಳನ್ನು ಪರಿಶೀಲಿಸುತ್ತಿದ್ದಾಗ, ಬಹುಮಟ್ಟಿಗೆ ಪೂರ್ಣವಾದ ಎರಡನೆಯ ಸುರುಳಿಯೇ ದೊರೆಯಿತು! ಅದು ಮೂಲತಃ ಯಂಗ್‌ಸನ್ನರ ಸಂಗ್ರಹದಲ್ಲಿದ್ದ 16 ಮಿ.ಮೀ. ಪ್ರತಿ. ಕೈಯಿಂದ ಕೈಗೆ ದಾಟಿದರೂ ಯಾರ ಗಮನಕ್ಕೂ ಬಾರದೆ ಕುಳಿತಿತ್ತು.

ಇಂತಹುದೇ ಇನ್ನೊಂದು: ‘ಎ ಥೀಫ್ ಕ್ಯಾಚರ್’ ಎಂಬ 1914ರ ಚಿತ್ರ. ಮಿಷಿಗನ್ ರಾಜ್ಯದ ಹಳೆಯ ವಸ್ತುಗಳ ಮಾರಾಟದಲ್ಲಿ ಯಾವುದೋ ಸಾಮಾನ್ಯ ಚಿತ್ರವೆಂದು ಒಬ್ಬರು ಕೊಂಡರು. ಅದರಲ್ಲಿ ಪೊಲೀಸ್ ವೇಷದ ಚಾಪ್ಲಿನ್ನರಿರುವುದು 2010ರಲ್ಲಿ ಲೋಕಕ್ಕೆ ತಿಳಿಯಿತು.

ಪ್ರಸಿದ್ಧ ಚಿತ್ರಕ್ಕೆ ಕಾವಲುಗಾರರು ಹಲವರು. ಅಜ್ಞಾತ ಚಿತ್ರಕ್ಕೆ ಅದನ್ನು ಹಿಡಿದಿಟ್ಟುಕೊಂಡವನೊಬ್ಬನೇ. ಇದು ಬರಿಯ ಹುಚ್ಚಲ್ಲವೆಂದು ನಮಗೆ ತೋರಿದ್ದು ಇದರಿಂದಲೇ. ಈ ಸಂಗ್ರಾಹಕರು ಡಬ್ಬದ ಮುಚ್ಚಳ ತೆರೆದೊಡನೆ ಮೂಸಿ ನೋಡುತ್ತಾರಂತೆ. ಮನೆಬಳಕೆಯ ಅಸಿಟೇಟ್ ಫಿಲ್ಮು ಕೆಡತೊಡಗಿದರೆ ವಿನೆಗರಿನಂತಹ ಹುಳಿವಾಸನೆ ಬರುತ್ತದೆ. ಬಂದರೆ ತಡಮಾಡದೆ ಪ್ರತಿ ತೆಗೆಯಬೇಕು.

ಲಾರೆಲ್-ಹಾರ್ಡಿಯರ ಆ ಚಿತ್ರದಲ್ಲಿ ವಿಮೆಯ ಏಜೆಂಟನು ಬರುವ ದೃಶ್ಯ ಮಾತ್ರ ಇನ್ನೂ ಸಿಕ್ಕಿಲ್ಲ. ಹುಡುಕುವವರು ಹುಡುಕುತ್ತಲೇ ಇದ್ದಾರೆ.