ವರ್ಷಕ್ಕೊಂದು ಭಾಷೆಯ ಹರಕೆ

ಹೊಸ ವರ್ಷ ಬಂತೆಂದರೆ ಕೆಲವರು ಬೀಡಿ ಬಿಡುವ ಶಪಥ ಮಾಡುತ್ತಾರೆ. ಕಂಪ್ಯೂಟರ್ ಹುಡುಗರದು ಬೇರೆಯೇ ಹರಕೆ: 'ಈ ಸಲ ಇನ್ನೊಂದು ಭಾಷೆ ಕಲಿತೇ ಬಿಡ್ತೀನಿ!' ತುಳು, ತಮಿಳು ಅಲ್ಲ ಸ್ವಾಮಿ. ಯಂತ್ರಕ್ಕೆ ಕೆಲಸ ಹೇಳುವ ಜಾವಾ, ಪೈಥಾನ್. ಕೋರ್ಸಿನ ಫೀ ಮಾತ್ರ ಅಪ್ಪನ ಗಲ್ಲಾಪೆಟ್ಟಿಗೆಯಿಂದ!

ವರ್ಷಕ್ಕೆ ಕನಿಷ್ಠ ಒಂದು ಹೊಸ ಭಾಷೆ ಕಲಿಯಿರಿ ಎಂದವರು ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್, 1999ರ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಲ್ಲಿ. ಸಲಹೆ ಸರಿ, ಹುಡುಗರ ಲೆಕ್ಕವೇ ತಪ್ಪು. ಜಾವಾ ಬಂದವ ಸಿ-ಶಾರ್ಪ್ ಕಲಿತು 'ಎರಡಾಯ್ತು' ಅಂತಾನೆ. ಎರಡೂ ಒಂದೇ ಮನೆತನ; ಅಣ್ಣನಂಗಡಿಯಿಂದ ಎದ್ದು ತಮ್ಮನಂಗಡಿಯಲ್ಲಿ ಕೂತ ಹಾಗೆ.

ಮುಂದೆ ಗೂಗಲ್‌ನಲ್ಲಿ ಸಂಶೋಧನಾ ನಿರ್ದೇಶಕರಾದ ಪೀಟರ್ ನಾರ್ವಿಗ್ 2001ರಲ್ಲಿ ಇದನ್ನೇ ಬಿಡಿಸಿ ಬರೆದರು: ಕನಿಷ್ಠ ಅರ್ಧ ಡಜನ್ ಕಲಿಯಿರಿ, ಆದರೆ ತರಹೇವಾರಿ ಇರಲಿ. ಕಸುಬು ಕೈಗೆ ಹತ್ತಲು ಅವರು ಇಟ್ಟ ವಾಯಿದೆ 10 ವರ್ಷ.

ತರಹೇವಾರಿ ಅಂದ್ರೆ? ಫ್ರಾನ್ಸಿನಲ್ಲಿ 1972ರ ಸುಮಾರಿಗೆ ಹುಟ್ಟಿದ ಪ್ರೋಲಾಗ್ ನೋಡಿ. ಹೀಗೆ ಮಾಡು, ಹಾಗೆ ಮಾಡು ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳೋ ಪದ್ಧತಿ ಅಲ್ಲಿಲ್ಲ. ರಾಮ ಸೋಮನ ಅಪ್ಪ, ಸೋಮ ಭೀಮನ ಅಪ್ಪ, ಅಪ್ಪನ ಅಪ್ಪ ಅಜ್ಜ ಎಂದು ಬರೆದಿಟ್ಟರೆ ಸಾಕು. ಭೀಮನ ಅಜ್ಜ ಯಾರೆಂದು ಯಂತ್ರವೇ ಹುಡುಕುತ್ತದೆ. ಜಾವಾ ಪಂಡಿತನೂ ಇಲ್ಲಿ ಮತ್ತೆ ಒಂದನೇ ಕ್ಲಾಸು!