ಎಳೆಯ ಮೂಳೆಯ ಜಮಾಖರ್ಚು

ಮೂಳೆಯನ್ನು ನಾವು ಕಲ್ಲುಕಂಬದಂತೆ ಜಡವೆಂದು ಭಾವಿಸುವುದುಂಟು. ಜೀವಂತ ಮೂಳೆಯಾದರೋ ಹಗಲಿರುಳೂ ದುರಸ್ತಿಯಲ್ಲಿರುವ ಮನೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ, ಇನ್ನೊಂದು ಬಗೆಯವು ಅಲ್ಲಿಯೇ ಹೊಸದನ್ನು ಕಟ್ಟುತ್ತವೆ. ನಡುಹರೆಯದವರಲ್ಲಿ ಈ ಜಮಾಖರ್ಚು ಹೆಚ್ಚುಕಡಿಮೆ ಸರಿದೂಗುತ್ತದೆ. ಮಕ್ಕಳಲ್ಲಿ ಕಟ್ಟುವ ಕೆಲಸದ್ದೇ ಮೇಲುಗೈ.

ಇದನ್ನು ಮರೆತಾಗ ಇಲ್ಲದ ಭಯ ಹುಟ್ಟುತ್ತದೆ. ಮೂಳೆ ಕಟ್ಟುವ ಕೋಶಗಳು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತವೆ. ಬೆಳೆಯುವ ಮಕ್ಕಳಲ್ಲಿ ಇದು ದೊಡ್ಡವರಲ್ಲಿರುವುದರ ಎರಡು ಮೂರು ಪಟ್ಟು ಇರಬಹುದು. ಪರೀಕ್ಷೆಯ ಚೀಟಿಯಲ್ಲಿ ಅಚ್ಚಾದ ಮಿತಿ ದೊಡ್ಡವರದಾಗಿದ್ದರೆ, ಆಡಿಕೊಂಡಿರುವ ಮಗುವೂ ಕಾಗದದ ಮೇಲೆ ರೋಗಿಯಾಗಿಬಿಡುತ್ತದೆ!

ಈ ಕಟ್ಟಡದ ಮೇಸ್ತ್ರಿ ಮಿದುಳಿನ ಬುಡದಲ್ಲಿರುವ, ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ. ಅದು ಸ್ರವಿಸುವ ಬೆಳವಣಿಗೆಯ ಹಾರ್ಮೋನು ಒಂದೇ ಸಮನೆ ಹರಿಯದೆ ಅಲೆಅಲೆಯಾಗಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಅಲೆ ಏಳುವುದು ಮಗು ಗಾಢನಿದ್ರೆಗೆ ಜಾರಿದ ಸ್ವಲ್ಪ ಹೊತ್ತಿನಲ್ಲಿ. ಹಗಲಿನಲ್ಲಿ ಒಮ್ಮೆ ರಕ್ತ ತೆಗೆದು ನೋಡಿದರೆ ಆರೋಗ್ಯವಂತ ಮಗುವಿನಲ್ಲಿಯೂ ಅದು ಇಲ್ಲವೆನ್ನುವಷ್ಟು ಕಡಿಮೆ. ಅಂಥ ಪರೀಕ್ಷೆಯಿಂದ ಏನೂ ತಿಳಿಯದು. ಈ ಹಾರ್ಮೋನಿನ ಪ್ರೇರಣೆಯಿಂದ ಯಕೃತ್ತು ಇನ್ಸುಲಿನ್ನನ್ನು ಹೋಲುವ ಬೇರೊಂದು ವಸ್ತುವನ್ನು ತಯಾರಿಸುತ್ತದೆ. ಎರಡೂ ಕೂಡಿ ನೀಳ ಮೂಳೆಗಳ ತುದಿಯ ಮೃದ್ವಸ್ಥಿಯನ್ನು ಬೆಳೆಸುತ್ತವೆ. ಅದು ಮೂಳೆಯಾಗಿ ಗಟ್ಟಿಗೊಂಡಂತೆ ಮಗು ಎತ್ತರವಾಗುತ್ತದೆ. ಹರೆಯದ ಹಾರ್ಮೋನುಗಳು ಮೊದಲು ಈ ಬೆಳವಣಿಗೆಗೆ ವೇಗ ಕೊಟ್ಟು, ಕೊನೆಗೆ ಮೃದ್ವಸ್ಥಿಯ ಪಟ್ಟಿಯನ್ನೇ ಮುಚ್ಚಿಬಿಡುತ್ತವೆ. ಆಮೇಲೆ ಯಾವ ಟಾನಿಕ್ಕೂ ಎತ್ತರವನ್ನು ಕೊಡಲಾರದು.

ಮೇಸ್ತ್ರಿಯಿದ್ದರೆ ಸಾಲದು, ಸಾಮಗ್ರಿಯೂ ಬೇಕಷ್ಟೆ. ಈ ದೃಷ್ಟಿಯಿಂದ ಮಾಗಡಿ ಸೀಮೆಯ ಸೋಲೂರಿನಂಥ ರಾಗಿಯ ನಾಡು ಭಾಗ್ಯಶಾಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು ೧೨೦. ಹತ್ತು ಹನ್ನೆರಡರ ಮಕ್ಕಳಿಗೆ ದಿನಕ್ಕೆ ೮೫೦ ಮಿಲಿಗ್ರಾಂ ಬೇಕೆಂಬುದು ೨೦೨೦ರಲ್ಲಿ ನಮ್ಮ ರಾಷ್ಟ್ರೀಯ ಪೋಷಣ ಸಂಸ್ಥೆ ಕೊಟ್ಟ ಲೆಕ್ಕ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಫೈಟೇಟ್ ಎಂಬ ಅಂಶ ಅಡ್ಡಬರುತ್ತದೆ. ಮೊಳಕೆ ಕಟ್ಟಿಸಿದರೆ ಆ ತೊಡಕು ಕಡಿಮೆಯಾಗುತ್ತದೆ. ಮೊಳಕೆ ರಾಗಿಯ ಸರಿಹಿಟ್ಟನ್ನು ಕೂಸಿಗೆ ತಿನ್ನಿಸಿದ ಅಜ್ಜಿಯರು ಕಿಣ್ವಶಾಸ್ತ್ರವನ್ನೇನೂ ಓದಿದವರಲ್ಲ. ಒಂದು ಲೋಟ ಹಾಲು, ಮೈಮೇಲೆ ಬಿಸಿಲು, ಓಟದ ಆಟ ಇವೂ ಸೇರಿದರೆ ಸಾಮಗ್ರಿಗೆ ಕೊರತೆಯಿಲ್ಲ.

ಆದರೂ ಎತ್ತರದ ಆಸೆ ಬಿಡದು. ೧೯೫೮ರಲ್ಲಿ ಮೊದಲ ಯಶಸ್ವಿ ಚಿಕಿತ್ಸೆ ವರದಿಯಾದಾಗ ಈ ಹಾರ್ಮೋನನ್ನು ಮೃತರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದ ಕೆಲವರು ಮಾರಕವಾದ ಮಿದುಳುರೋಗಕ್ಕೆ ತುತ್ತಾದುದು ೧೯೮೫ರಲ್ಲಿ ಬಯಲಾಗಿ, ಅಮೆರಿಕ, ಬ್ರಿಟನ್ನುಗಳಲ್ಲಿ ಅದರ ಬಳಕೆ ನಿಂತಿತು. ಅದೇ ವರ್ಷ ಅಮೆರಿಕದಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ದೊರೆಯಿತು. ಗ್ರಂಥಿಯ ಕೊರತೆಯುಳ್ಳ ಮಗುವಿಗೆ ಅದು ವರವೇ ಸರಿ. ತಂದೆತಾಯಿಯರಂತೆಯೇ ಗಿಡ್ಡವಾಗಿರುವ ಆರೋಗ್ಯವಂತ ಮಗುವಿಗೆ ಸಾಲ ಮಾಡಿ ಚುಚ್ಚಿಸುವುದು ಅವಿವೇಕ.

ಹಾಗಾದರೆ ಕೊರತೆಯನ್ನು ಗುರುತಿಸುವುದೆಂತು? ಬಾಗಿಲ ಚೌಕಟ್ಟಿಗೆ ಮಗುವನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಆರು ತಿಂಗಳಿಗೊಮ್ಮೆ ಗೆರೆ ಎಳೆಯಿರಿ. ನಾಲ್ಕನೆಯ ವರ್ಷದಿಂದ ಹರೆಯದವರೆಗೆ ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯುವುದು ವಾಡಿಕೆ. ನಾಲ್ಕಕ್ಕಿಂತ ಕಡಿಮೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅವರು ಎಡಗೈಯ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸನ್ನು ಅಳೆಯುತ್ತಾರೆ. ಹದಿಮೂರರ ಹುಡುಗನ ಮೂಳೆ ಹನ್ನೊಂದರದಾಗಿ ಕಂಡು, ಬೇರೆ ದೋಷವೇನೂ ಸಿಗದಿದ್ದರೆ, ಅವರು ತಂದೆಯ ಕಡೆಗೆ ತಿರುಗಿ ಕೇಳುವ ಪ್ರಶ್ನೆ ಒಂದಿದೆ: "ನಿಮಗೆ ಮೀಸೆ ಮೂಡಿದ್ದು ಯಾವ ವಯಸ್ಸಿನಲ್ಲಿ?"