ಕಾಲುಗುರಿನ ಸಂಕೋಚ

ನಮ್ಮ ಕವಿಗಳು ದೇವರನ್ನು ವರ್ಣಿಸುವಾಗ ಪಾದದ ಉಗುರಿನಿಂದ ತೊಡಗಿ ಮುಡಿಗೇರುವುದು ಸಂಪ್ರದಾಯ. ಅವರ ಕಣ್ಣಿಗೆ ಆ ಉಗುರುಗಳು ಚಂದ್ರಬಿಂಬಗಳು. ಮನುಷ್ಯರ ಕಾಲುಗುರು ಹಳದಿಗಟ್ಟಿ, ದಪ್ಪವಾಗಿ, ಅಂಚಿನಲ್ಲಿ ಪುಡಿಯಾಗತೊಡಗಿದರೆ ಮಾತ್ರ ಅದು ವರ್ಣನೆಗೆ ಒದಗದು, ಮರೆಮಾಚುವ ವಸ್ತುವಾಗುತ್ತದೆ.

ಮರೆಮಾಚುವುದಾದರೂ ಎಲ್ಲಿ? ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಪಾದರಕ್ಷೆ ಹೊಸ್ತಿಲ ಹೊರಗೇ ಉಳಿಯುತ್ತದೆ. ಇಡಗುಂಜಿ, ಮುರ್ಡೇಶ್ವರ, ಗೋಕರ್ಣಗಳ ದೇವಾಲಯಗಳಿಗೆ ಬರಿಗಾಲಿನಲ್ಲೇ ಹೋಗಬೇಕು. ಭಟ್ಕಳದ ಮಸೀದಿಗಳಲ್ಲಿ ನಮಾಜಿಗೆ ಮುನ್ನ ನಾಲ್ವರ ನಡುವೆ ಕುಳಿತು ಕಾಲು ತೊಳೆಯಬೇಕು. ಕಿರಿಯರು ನಮಸ್ಕರಿಸಲು ಬಾಗಿದಾಗ ಕಾಲನ್ನು ಹಿಂದಕ್ಕೆಳೆದುಕೊಳ್ಳುವ ಹಿರಿಯರೆಲ್ಲರೂ ವಿನಯದಿಂದಲೇ ಹಾಗೆ ಮಾಡುತ್ತಾರೆನ್ನಲಾಗದು.

ಇದು ಕೊಳಕುತನದ ಫಲವೆಂಬ ಭಾವನೆಯೇ ಈ ಸಂಕೋಚದ ಬೇರು. ಆ ಭಾವನೆ ಸರಿಯಲ್ಲ. ಇದು ಬಹುಮಟ್ಟಿಗೆ ಟ್ರೈಕೋಫೈಟನ್ ಎಂಬ ಶಿಲೀಂಧ್ರದ ಕೆಲಸ. ಉಗುರಿನ ಕೆರಾಟಿನ್ ಅದರ ಆಹಾರ, ತೇವ ಅದರ ಮಿತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಸುರಿಯುವ ಈ ಕರಾವಳಿಯಲ್ಲಿ ಗದ್ದೆಯ ಕೆಸರಿನಲ್ಲಿ ನಿಲ್ಲುವವರಿಗೂ, ನೆನೆದ ಬೂಟಿನಲ್ಲೇ ದಿನ ಕಳೆಯುವವರಿಗೂ ಕಾಲು ಒಣಗುವ ಅವಕಾಶವೇ ಕಡಿಮೆ. ದಿನಕ್ಕೆ ಹತ್ತು ಬಾರಿ ತೊಳೆದರೂ ಒರೆಸದ ಕಾಲು ಒದ್ದೆಯ ಕಾಲೇ.

ಇನ್ನು ಇದರ ಹಠ. ಶಿಲೀಂಧ್ರ ಉಗುರಿನ ಅಡಿಯಲ್ಲಿ ಅಡಗಿರುವುದರಿಂದ ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ತಲುಪುವುದು ಕಷ್ಟ. ಟರ್ಬಿನಾಫಿನ್ ಗುಳಿಗೆಯನ್ನು ವೈದ್ಯರು ಸಾಮಾನ್ಯವಾಗಿ 12 ವಾರ ಕೊಡುತ್ತಾರೆ. ಯಕೃತ್ತಿನ ಸ್ಥಿತಿಯನ್ನೂ ಪರೀಕ್ಷಿಸುತ್ತಾರೆ. ಆದರೆ ಕಾಲುಗುರು ಬೆಳೆಯುವುದು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಮಾತ್ರ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಗುಳಿಗೆ ಮುಗಿದ ದಿನವೂ ಉಗುರು ಹಳೆಯದರಂತೆಯೇ ಕಂಡೀತು. ಗುಣವನ್ನು ತುದಿಯಲ್ಲಲ್ಲ, ಬುಡದಲ್ಲಿ ನೋಡಬೇಕು. ಇದನ್ನರಿಯದವರು ಮದ್ದು ಸುಳ್ಳೆಂದು ನಡುದಾರಿಯಲ್ಲಿ ಕೈಬಿಡುತ್ತಾರೆ. ಸೋರಿಯಾಸಿಸ್, ಹಳೆಯ ಪೆಟ್ಟುಗಳೂ ಉಗುರನ್ನು ಹೀಗೆಯೇ ಕೆಡಿಸಬಲ್ಲವಾದ್ದರಿಂದ ಮೊದಲು ಉಗುರಿನ ಚೂರನ್ನು ಪರೀಕ್ಷೆ ಮಾಡಿಸುವುದು ಲೇಸು.

ಸಂಕೋಚಕ್ಕೆ ಹೆಚ್ಚಿನ ಬೆಲೆ ತೆರುವವರು ಸಕ್ಕರೆ ಕಾಯಿಲೆಯವರು. ಪಾದ ಜೋಮುಗಟ್ಟಿದವರಿಗೆ ದಪ್ಪ ಉಗುರು ಪಕ್ಕದ ಬೆರಳನ್ನು ಗೀರಿದ್ದೂ ತಿಳಿಯದು. ಬಚ್ಚಿಟ್ಟ ಕಾಲಿನ ಆ ಗಾಯ ಹುಣ್ಣಾಗಿ, ಬೆರಳನ್ನೇ ಕಳೆದುಕೊಳ್ಳುವ ಹಂತಕ್ಕೂ ಹೋಗಬಹುದು.

ಬೆರಳ ಸಂದುಗಳನ್ನು ಒರೆಸುವುದು, ಉಗುರು ಕತ್ತರಿಸುವ ಸಾಧನವನ್ನು ಪ್ರತ್ಯೇಕವಾಗಿಡುವುದು, ಒದ್ದೆ ಪಾದರಕ್ಷೆಯನ್ನು ಒಣಗಿಸಿ ಧರಿಸುವುದು, ಇವು ಗುಣವಾದ ಮೇಲೂ ಬಿಡಬಾರದ ನಿಯಮಗಳು, ರೋಗ ಮರಳುವುದುಂಟು. ಹಿರಿಯರೆದುರು ಕಾಲು ಚಾಚಬಾರದೆಂಬುದು ನಾವು ಕಲಿತ ಪಾಠ. ವೈದ್ಯರ ಮುಂದೆ ಆ ಪಾಠ ಅನ್ವಯಿಸುವುದಿಲ್ಲ.